ಮೂರ ಕೊಟೇಶನ್ನಿನ ಹೌದ

ನನ್ನ ಅಂಗಡಿಗೆ ಬರ್ರಿ, ಕುಂದ್ರಿ, ಚಾ ಕುಡೀರಿ, ಗಾದಿ ತಗೊಳ್ರಿ, ಬಿಡ್ರಿ, ನಂದೇನೂ ತಕರಾರಿಲ್ಲ. ಆದ್ರ ‘ಅಟೋಮ್ಯಾಟಿಕ್’ ಅನ್ನೂ ಮಾತ ನನ್ನ ಮುಂದ ತಗೀಬ್ಯಾಡ್ರಿ. ಆ ಮಾತ ಕಿವಿಗೆ ಬಿತ್ತಂದ್ರ ನನಗ ಇವತ್ತಿಗೂ ಪಿತ್ತ ನೆತ್ತಿಗೇರತೈತಿ. ಯಾಕಂತ ಕೇಳಬ್ಯಾಡ್ರಿ. ಕೇಳೇ ಬಿಟ್ರಲ್ಲ? ಹಂಗಾರ ಪೂರಾ ಕೇಳಿ ಹೋಗ್ರಿ, ಅರ್ಧಕ್ಕ ಎದ್ರ ನಾ ಬಿಡೂದಿಲ್ಲ.

ನಾ ಬಾಬಾಲಾಲ ನದಾಫ. ಈ ಬಿಳೂರಾಗ ಹತ್ತಿ ಹಿಂಜಿ ಗಾದಿ ಮಾಡೂದು ನಮ್ಮ ಅಜ್ಜನ ಕಾಲದಿಂದ ಬಂದ ಧಂದಾ. ನಮ್ಮ ಮನಿ ಗ್ವಾಡಿಗೆ ಹತ್ತಿದ ಮನಿ ತಮ್ಮಣ್ಣಂದು. ಜತ್ತಿನ ಪಂಚಾಯತ ಸಮಿತ್ಯಾಗ ಸ್ಟೋರ ಕ್ಲಾರ್ಕ ಆಗಿ ದುಡದು ರಿಟೈರ ಆದಾಂವ. ಮನಶ್ಯಾ ಚಲೋ, ಎರಡ ಮಾತಿಲ್ಲ. ಆದ್ರ ಅಂವಗ ಒಂದ ಸರಕಾರಿ ರೋಗ ಹತ್ತೇತಿ. ಸರಕಾರದಾಗ ಏನ ಖರೀದಿ ಮಾಡೂದಿದ್ರೂ ಮೂರ ಅಂಗಡಿಯಿಂದ ರೇಟ ಬರಸ್ಕೊಂಡ, ಮೂರನ್ನೂ ಬಾಜೂಕ ಬಾಜೂಕ ಇಟ್ಟ ನೋಡಿ, ಎರಡನ್ನ ಬಿಟ್ಟ ಒಂದನ್ನ ಆರಸಬೇಕಂತ. ಅದಕ್ಕ ಕೊಟೇಶನ್ ಅಂತಾರ. ನೌಕರಿ ಮುಗದ್ರೂ ಅಂವಗ ಆ ಚಟ ಬಿಡಲಿಲ್ಲ. ಸಂತ್ಯಾಗ ಬದನಿಕಾಯಿಗೂ ಮೂರ ಕೊಟೇಶನ್. ಮೂರನೇ ಅಂಗಡಿ ಮುಟ್ಟೂದ್ರಾಗ ಮೊದಲನೇದಾಂವ ಬುಟ್ಟಿ ಝಾಡಿಸಿ ಮನಿಗೆ ಹೋಗಿರತಿದ್ದ. ಅಂವನ ಹೆಂಡ್ತಿ ಸಂಗವ್ವಕ್ಕ ಹೇಳತಿದ್ಲು, “ಕನ್ಯಾ ನೋಡಾಕೂ ಮೂರ ಊರ ತಿರಿಗಿದ್ರು ಇವರು. ನಾ ಮೂರನೇ ಕೊಟೇಶನ್.”

ಈ ಸಂಗವ್ವಕ್ಕನ ಮಣಕಾಲಿನಿಂದನ ಎಲ್ಲಾ ಸುರು ಆತು. ಮೊದಲ ಹೊಸ್ತಲಾ ದಾಟೂದು ತ್ರಾಸ ಆತು, ಆಮ್ಯಾಲ ನೆಲಕ್ಕ ಕುಂದ್ರೂದು ನಿಂತ ಹೋತು. ನೆಲಕ್ಕ ಕುಂದ್ರಲಿಲ್ಲಂದ್ರ ರೊಟ್ಟಿ ಎಲ್ಲಿಂದ ಬರತೈತಿ? ಕಟ್ಟಿ ಮುಂದ ನಿಂತ ಬಡದ ರೊಟ್ಟಿ ಅಕಿಗೆ ಸೇರೂದಿಲ್ಲ, ತಮ್ಮಣ್ಣಗ ನುಂಗಾಕ ಆಗೂದಿಲ್ಲ. ಮಿರಜಿಗೆ ದವಾಖಾನಿಗೆ ಕರಕೊಂಡ ಹೋದ್ವಿ. ನಾ ಯಾಕ ಹೋದ್ನಿ ಅಂತೀರಿ? ತಮ್ಮಣ್ಣ ಒಬ್ಬನ ಹೋದ್ರ ವಾಪಸ್ ಬರೂ ಮುಂದ ಬ್ಯಾರೆ ಊರ ಬಸ್ ಹತ್ತತಾನ, ಅದಕ್ಕ.

ಡಾಕ್ಟರ ಎಕ್ಸರೇ ನೋಡಿ ಹೇಳಿದ್ರು, “ದಿನಾ ಮುಂಜಾನೆ ಸೊಂಟಮಟ ನೀರಾಗ ನಡದಾಡಬೇಕು. ದೀವಳಗಿಗೆ ಬರ್ರಿ, ನೋಡೂಣು. ಸುಧಾರಿಸಲಿಲ್ಲಂದ್ರ ಆಪರೇಷನ್. ಆಪರೇಷನ್ ಆದ ಮ್ಯಾಲ ನೆಲಕ್ಕ ಕುಂದ್ರೂದು ಕಾಯಂ ಬಂದ.”

ಹೊರಗ ಬಂದ ಮ್ಯಾಲ ಸಂಗವ್ವಕ್ಕ ಸೆರಗ ಬಾಯಿಗೆ ಹಿಡದ ಅತ್ಲು. “ಬಾಬಾಲಾಲಣ್ಣಾ, ನೆಲಕ್ಕ ಕುಂದ್ರಾಕ ಬರಲಿಲ್ಲಂದ್ರ ನಾ ಮನ್ಯಾಗ ಏನಾಗಿ ಇರಲಿ? ಗಡಿಯಾರಧಂಗ ಗ್ವಾಡಿಗೆ ತೂಗಬಿದ್ದಿರಲೇನು?” ಅಕಿ ನನಗ ರಾಖಿ ಕಟ್ಟೂ ಹೆಣಮಗಳು, ಅಕಿ ಕೈಯಾನ ಚೀಲ ಇಸಗೊಂಡ ಬಸ್ಸಿನತನಕ ನಾನ ಹೊತ್ನಿ.

ತಮ್ಮಣ್ಣಗ ಹೆಂಡ್ತಿ ಮ್ಯಾಲ ಜೀವ, ಅದನ್ನ ನಾ ಅಲ್ಲಗಳ್ಯೂದಿಲ್ಲ. ಲಗೂನ ಗೌಂಡಿನ್ನ ಕರಸಿ ಹಿತ್ತಲದಾಗ ಬಾವಿ ಬಾಜೂಕ ನೀರಿನ ಹೌದ ಕಟ್ಟಿಸಿದ. ಉದ್ದ, ಅಗಲ, ಸೊಂಟಮಟ ಆಳ, ಇಳ್ಯಾಕ ಪಾವಟಿಗಿ, ತಳಕ್ಕ ಗಚ್ಚು. ಊರ ಮಂದಿ ಹೌದ ಅಂದ್ರ ಅಂವಗ ಸಿಟ್ಟ ಬರತಿತ್ತು, “ಸ್ವಿಮಿಂಗ ಪೂಲ ಅನ್ರಿ” ಅಂತಿದ್ದ. ಆ ವರ್ಷ ಮಳಿ ಚಲೋ ಆಗಿ ಬಾವಿ ತುಂಬಿತ್ತು. ತುಂಬಾಕ ಒಂದ ಪೈಪ, ಖಾಲಿ ಮಾಡಾಕ ತಳದಾಗ ಒಂದ ಬೂಚು. ಕತಿ ಮುಗೀತು ಅನ್ಕೊಂಡ್ನಿ. ಎಲ್ಲಿ ಮುಗೀತೈತ್ರಿ!

ಮೊದಲನೇ ದಿನ ಸಂಗವ್ವಕ್ಕ ದಂಡಿತನಕ ಬಂದ್ಲು, ನೀರ ನೋಡಿದ್ಲು, ತಿರಿಗಿ ಹೊಂಟ್ಲು. ತಮ್ಮಣ್ಣ ಯಾಕಂದ. ಅಕಿ ಬಾಯಿ ಬಿಟ್ಟ ಸ್ಪಷ್ಟ ಹೇಳಿದ್ಲು, “ಕೆಲಸಿಲ್ಲ ಬೊಗಸಿಲ್ಲ, ಸುಮ್ಮ ನೀರಾಗ ಆ ಕಡಿಯಿಂದ ಈ ಕಡಿ ಅಡ್ಡಾಡಾಕ ನಾ ಏನ ಎಮ್ಮೇನ್ರಿ? ಓಣ್ಯಾನ ಮಂದಿ ನೋಡಿದ್ರ ಏನಂದಾರು?”

ನನಗ ತಿಳೀತು. ನನ್ನ ಹೆಂಡ್ತಿ ಸೈರಾಬಾನುಗ ತಿಳೀತು. ಬೇವಿನ ಗಿಡದಾಗ ಕುಂತ ಕಾಗಿಗೂ ತಿಳೀತು. ನಮ್ಮ ಕಡೆ ಹೆಣಮಕ್ಕಳು ಕೆಲಸ ಇದ್ರ ಬಾವ್ಯಾಗರ ಇಳೀತಾರ, ಕೆಲಸ ಇಲ್ಲದ ಪಾದ ಹಸಿ ಮಾಡ್ಕೊಳ್ಳಾಕ ನಾಚತಾರ. ತಿಳೀದಾಂವ ಒಬ್ಬನ, ಗಂಡ.

“ಬಾಬಾಲಾಲ, ಎಮ್ಮಿ ಅಂದಳಲ್ಲ, ಅಂದ್ರ ನೀರ ರಾಡಿ ಅದಾವ ಅಂತ ಅಕಿ ಮನಸಿನ್ಯಾಗ ಬಂದೇತಿ. ಇದಕ್ಕ ಫಿಲ್ಟರ್ ಬೇಕು. ಬರೇ ಫಿಲ್ಟರ್ ಅಲ್ಲ, ಅಟೋಮ್ಯಾಟಿಕ್ ಸಿಸ್ಟಮ್!”

ಮರಾಠಿ ಪೇಪರಿನ ರವಿವಾರದ ಪುರವಣ್ಯಾಗ ಅಂವ ಒಂದ ಜಾಹೀರಾತ ನೋಡಿದ್ದ. ಕರೀ ಚಷ್ಮಾ ಹಾಕ್ಕೊಂಡ ಒಬ್ಬಾಕಿ ನೀರಿನ ದಂಡಿಗೆ ಮಲಗ್ಯಾಳ, ಪೂಲ ತನ್ನಷ್ಟಕ್ಕ ತಾನ ತುಂಬತೈತಿ, ತಾನ ತೊಳಕೋತೈತಿ. “ಲೇ, ಅಕಿ ಏನಂದ್ಲು ಕೇಳಿಲ್ಲೇನು?” ಅಂತ ನಾ ಗಂಟಲ ಹರಕೊಂಡ್ನಿ. “ಕೇಳೇನಿ, ಕೇಳೇ ಹೊಂಟೇನಿ” ಅಂದ. ಹೊಂಟಿದ್ದ ಎಲ್ಲಿಗೆ? ಕೊಟೇಶನ್ನಿಗೆ.

ಮೊದಲನೇದು ಸಾಂಗಲಿಯ ಏಜಂಟ ಅನಿಲಂದು. ಕೊಳ್ಳಿಗೆ ಟೈ, ಕೈಯಾಗ ಚಿತ್ರದ ಪುಸ್ತಕ. ಹೌದಿನ ಸುತ್ತ ತಿರಿಗಿ ಕೇಳಿದ, “ಸಾಹೇಬ್ರ, ಪೂಲ ಎಷ್ಟ ಮಂದಿ ಬಳಸ್ತಾರ?”

“ಒಬ್ಬಾಕಿ.”

“ದಿನಕ್ಕ ಎಷ್ಟ ಸಲ?”

“ಇನ್ನೂ ಇಳದಿಲ್ಲ.”

“ಹಾಂಗಿದ್ರ ನಿಮಗ ದೊಡ್ಡ ಮಾಡೆಲ್ಲನ ಬೇಕು” ಅಂದ ಅನಿಲ. ತಮ್ಮಣ್ಣ ಹೌದಲ್ಲ ಅನ್ನೂಹಂಗ ಗೋಣ ಹಾಕಿದ. ಅನಿಲನ ಮಶೀನ ನೀರ ಸೋಸಿ, ಹೊಲಸ ತುಂಬಿದ ಕೂಡಲೇ ತನ್ನ ಹೊಟ್ಟಿ ತಾನ ತೊಳದು ರಾಡಿ ಹೊರಗ ಚೆಲ್ಲತೈತಂತ.

ಎರಡನೇದು ಸಂಗವ್ವಕ್ಕನ ತಮ್ಮ, ಕರಜಗಿ ಶಿವಯೋಗೆಪ್ಪಂದು. ಅಂವಂದು ದ್ರಾಕ್ಷಿ ಬಾಗ ಐತಿ, ಬಾಗಕ್ಕ ಗಡಿಯಾರ ಇಟ್ಟ ನೀರ ಬಿಡೂ ಟೈಮರ ಐತಿ. “ಮಾಮಾ, ನನ್ನ ಬಾಗಕ್ಕ ಸಾಕಾದದ್ದು ನಮ್ಮಕ್ಕಗ ಸಾಕಾಗೂದಿಲ್ಲೇನು? ಹೊತ್ತಿಗೆ ಸರಿಯಾಗಿ ಹಳೇ ನೀರ ಬಿಡತೈತಿ. ಇದರ ಮ್ಯಾಲ ದ್ರಾಕ್ಷಿ ಎಷ್ಟ ಬೆಳದಾವ ಗೊತ್ತೈತೇನು?”

“ಶಿವಯೋಗೆಪ್ಪಾ, ಇಲ್ಲಿ ಮಣಕಾಲ ಬೆಳಸೂದಿಲ್ಲೋ” ಅಂದ್ನಿ ನಾ. ಯಾರೂ ನನ್ನ ಕಡೆ ಹೊಳ್ಳಿ ನೋಡಲಿಲ್ಲ.

ಮೂರನೇದು ನಮ್ಮೂರ ವಾಯರಮನ್ ಅಪ್ಪಾಸಾಬಂದು. ಲೈಟ ಹೋಗಿ ಬಂದ ಕೂಡಲೇ ಬಾವಿ ಮೋಟರ ತಾನ ಸುರು ಆಗೂ ಸ್ಟಾರ್ಟರ, ನೀರ ಇಳದ್ರ ಬಾರಿಸೂ ಗಂಟಿ. “ಹೊಲದಾಗ ಎಲ್ಲಾರೂ ಇದನ್ನ ಹಾಕ್ಯಾರ. ಬೇಕಂದ್ರ ಯಾರರ ಸನೇಕ ಬಂದ್ರೂ ಬಾರಿಸೂಹಂಗ ಮಾಡಿ ಕೊಡತೀನಿ” ಅಂದ.

ಮೂರೂ ಬಂದ ಮ್ಯಾಲ ಆರಸೂದು ಸುರು ಆತು. ಆರಸಿದ, ಆರಸಿದ, ಆಷಾಢ ಹೋಗಿ ಶ್ರಾವಣ ಬಂತು, ಶ್ರಾವಣ ಹೋಗಿ ಗಣಪತಿ ಕುಂತ. ಸಂಗವ್ವಕ್ಕ ಈಗ ಗ್ವಾಡಿ ಹಿಡದ ನಡ್ಯಾಕ ಹತ್ತಿದ್ಲು. ಸೈರಾ ದಿನಾ ಹೋಗಿ ರೊಟ್ಟಿ ಬಡದ ಕೊಟ್ಟ ಬರತಿದ್ಲು. “ಏನ್ರಿ, ನಿಮ್ಮ ದೋಸ್ತಗ ಒಂದ ಮಾತ ಹೇಳ್ರಿ. ದೀವಳಗಿ ಬಂತು, ಆ ಅಕ್ಕ ಡಾಕ್ಟರ ಚೂರಿ ಅಂದ್ರ ನಡಗತಾಳ” ಅಂತ ನನಗ ಬೈತಿದ್ಲು. ನಾ ತಮ್ಮಣ್ಣಗ ಹೇಳತಿದ್ನಿ. ತಮ್ಮಣ್ಣ ಹೋಗಿ ಮತ್ತ ಸಂಗವ್ವಕ್ಕನ್ನ ಕೇಳತಿದ್ದ, ಯಾಕ ಇಳ್ಯೂದಿಲ್ಲ?

“ಸುಮ್ಮ ನೀರಾಗ ನಿಂತ್ರ ಹೊತ್ತ ಹೋಗೂದಿಲ್ರಿ” ಅಂದ್ಲು ಒಮ್ಮೆ. ತಮ್ಮಣ್ಣ ಓಡಿ ಬಂದ, “ಟೈಮರ ಬೇಕಂತಾಳ!”

“ಓಣ್ಯಾನ ಮಂದಿ ನೋಡತಾರ್ರಿ” ಅಂದ್ಲು ಇನ್ನೊಮ್ಮೆ. “ಗಂಟಿ ಬೇಕಂತಾಳ! ಯಾರ ಬಂದ್ರೂ ಬಾರಿಸಬೇಕು.”

ನಾ ತಲಿ ತಲಿ ಬಡಕೊಂಡ್ನಿ. “ಅಲ್ಲೋ ಮಾರಾಯಾ, ಅಕಿಗೆ ಮಶೀನ ಬೇಕಾಗಿಲ್ಲ. ಅಕಿಗೆ ನಾಚಿಕಿ ಬರತೈತಿ, ನಾಚಿಕಿ!”

“ನಾಚಿಕಿಗೆ ಯಾವ ಕಂಪನಿನೂ ಕೊಟೇಶನ್ ಕೊಡೂದಿಲ್ಲ, ಬಾಬಾಲಾಲ” ಅಂದ ಭಾಳ ಗಂಭೀರ ಆಗಿ. ಆಮ್ಯಾಲ ನನ್ನ ಕೈ ಹಿಡದ ಕಟ್ಟಿ ಮ್ಯಾಲ ಕುಂದ್ರಿಸಿ ಮನಸಿನ ಮಾತ ಹೇಳಿದ. “ನೌಕರಿ ತುಂಬಾ ಎರಡ ಬಿಟ್ಟ ಒಂದ ಆರಸಿದೆ. ಬಿಟ್ಟ ಎರಡರ ನೆನಪ ಬಂದ ಹೊಟ್ಟಿ ಉರೀತಿತ್ತು. ಈಗ ನಾ ರಿಟೈರ, ನನಗ ಕೇಳಾಂವ ಯಾರು? ಎಮ್ಮಿಗೆ ಅನಿಲ, ಹೊತ್ತಿಗೆ ಶಿವಯೋಗೆಪ್ಪ, ಮಂದಿಗೆ ಅಪ್ಪಾಸಾಬ. ಮೂರೂ ಪಾಸ!”

ಮೂರೂ ಬಂದ್ವು. ಮೂರೂ ಕುಂತ್ವು. ಉದ್ಘಾಟನಾಕ್ಕ ಸರಪಂಚರನ್ನ ಕರದಿದ್ದ. ಹೌದಿನ ದಂಡಿಗೆ ಖುರ್ಚಿ, ಸರಪಂಚರ ಕೊಳ್ಳಾಗ ಹಾರ, ಮೈಮ್ಯಾಲ ಇಸ್ತ್ರಿ ಧೋತರ. ಓಣಿ ಎಲ್ಲಾ ನೆರದಿತ್ತು. ಸಂಗವ್ವಕ್ಕ ಮಾತ್ರ ಒಳಗಿನ ಖೋಲ್ಯಾಗ ಕದ ಹಾಕ್ಕೊಂಡ ಕುಂತಿದ್ಲು. ಲೈಟ ಇರಲಿಲ್ಲ, ಲೋಡಶೆಡ್ಡಿಂಗ. ಲೈಟ ಬರೂತನಕ ಮಾತಾಡ್ರಿ ಅಂತ ತಮ್ಮಣ್ಣ ಸರಪಂಚರಿಗೆ ಅಂದ. ಅವರು ಊರ ವಿಕಾಸದ ಮ್ಯಾಲ ಮಾತಾಡಿದ್ರು, ತಾಲೂಕಿನ ವಿಕಾಸಕ್ಕ ಬಂದ್ರು, ಜಿಲ್ಲಾದ ವಿಕಾಸಕ್ಕ ಕೈ ಎತ್ತಿದ್ರು, ಅಷ್ಟ್ರಾಗ ಲೈಟ ಬಂತು.

ಅಪ್ಪಾಸಾಬನ ಮೋಟರ ಎದ್ದ ಗುಡಗಿ ನೀರ ತುಂಬಾಕ ಹತ್ತಿತು. ಶಿವಯೋಗೆಪ್ಪನ ಟೈಮರಿನ ಗಡಿಯಾರ ಲೈಟ ಇಲ್ಲದ ನಿಂತಿತ್ತು, ಅದಕ್ಕ ಹೊತ್ತ ಯಾವದು ತಿಳೀದ ತಳದ ಬೂಚ ತಗದು ಖಾಲಿ ಮಾಡಾಕ ಹತ್ತಿತು. ನೀರ ಇಳೀತಂತ ಗಂಟಿ ಬಾರಿಸಿತು. ಗಂಟಿ ಕೇಳಿ ಹಿಂದಿನ ಓಣಿ ಮಂದೀನೂ ಓಡಿ ಬಂದ್ರು, ಅವರು ಸನೇಕ ಬಂದಾರಂತ ಅದ ಮತ್ತೂ ಜೋರ ಬಾರಿಸಿತು. ಈ ಗದ್ದಲದಾಗ ರಾಡಿ ಎದ್ದ ಅನಿಲನ ಮಶೀನಕ್ಕ ಹೊಟ್ಟಿ ತುಂಬಿತು. ಅದ ತನ್ನ ಹೊಟ್ಟಿ ತೊಳದು ಹೊರಗ ಚೆಲ್ಲಿತು. ಆ ಪೈಪಿನ ಬಾಯಿ ಎಲ್ಲಿ ಇಟ್ಟಿದ್ರಂತೀರಿ? ಸರಪಂಚರ ಖುರ್ಚಿ ಹಿಂದ.

ವಿಕಾಸ ಅಲ್ಲೇ ನಿಂತಿತು. ಸರಪಂಚರು ಹಾರ, ಧೋತರ ಎಲ್ಲಾ ತೊಯ್ಸ್ಕೊಂಡ ನಿಂತ್ರು. ಕೆಳಗಿನ ಮನಿ ಯಮನವ್ವ ಲಬೋ ಲಬೋ ಅನಕೋತ ಬಂದ್ಲು. “ನಿನ್ನ ಸಿಸ್ಟಮ್ಮಿಗೆ ಬೆಂಕಿ ಹತ್ತಲಿ ತಮ್ಮಣ್ಣಾ! ನನ್ನ ಹಿತ್ತಲದಾಗ ನೀರ ಹೊಕ್ಕ ಆಡ ಈಸಬೀಳಾಕ ಹತ್ಯಾವು!”

“ಬಂದ ಮಾಡ್ರಿ!” ಅಂದ್ರು ಸರಪಂಚರು.

“ಮೊದಲ ಅವರದ ಬಂದ ಮಾಡ್ರಿ” ಅಂದ ಅನಿಲ.

“ನಂದ ಬರೊಬ್ಬರಿ ಐತಿ, ವಾಯರಮನ್ನಂದು ಕೆಟ್ಟೈತಿ” ಅಂದ ಶಿವಯೋಗೆಪ್ಪ.

“ನಾ ಸರಕಾರಿ ಮನಶ್ಯಾ, ನಂದ ಕೆಡೂದಿಲ್ಲ” ಅಂದ ಅಪ್ಪಾಸಾಬ. ಕಡೀಕ ನಮ್ಮ ಸೈರಾ ಮನಿ ಒಳಗ ಹೋಗಿ ಮೇನ ಸ್ವಿಚ್ಚ ಕೆಳಗ ಎಳದ್ಲು, ಎಲ್ಲಾ ಥಂಡ ಆತು.

ಇನ್ನರ ಬುದ್ಧಿ ಬಂತು ಅನ್ಕೊಂಡ್ನಿ. ತಮ್ಮಣ್ಣ ತೊಯ್ದ ಅಂಗಿ ಹಿಂಡಕೋತ ಹೇಳಿದ, “ತಪ್ಪ ತಿಳೀತು ಬಾಬಾಲಾಲ. ಮೂರ ಕ್ಲಾರ್ಕ ಕುಂದ್ರಿಸೇನಿ, ಮ್ಯಾಲ ಸಾಹೇಬ ಇಲ್ಲ. ಮೂರೂ ಮಶೀನಕ್ಕ ಹುಕುಂ ಕೊಡೂ ಒಂದ ಪ್ಯಾನಲ್ ಬೇಕು.” ಅಂದ ಮ್ಯಾಲ ಸಾಹೇಬಗೂ ಮೂರ ಕೊಟೇಶನ್. ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ. “ನಡಿ” ಅಂದ. “ನಿನ್ನ ಕೂಡ ಸೊಲ್ಲಾಪುರಕ್ಕ ಅಲ್ಲ, ಅಂಗಳಕ್ಕೂ ಬರೂದಿಲ್ಲ” ಅಂದ್ನಿ. ಅನಿಲನ್ನ ಕರಕೊಂಡ ಹೋದ. ಯಾವ ಬಸ್ ಹತ್ತಿದ್ನೋ ಯಾಂವಗ ಗೊತ್ತ, ಲಗೂನ ತಿರಿಗಿ ಬರಲೇ ಇಲ್ಲ.

ಆ ವರ್ಷ ದಸರಾದ ಘಟ್ಟ ಹಾಕೂದು, ನಮ್ಮ ರಮಜಾನ ಹಿಡ್ಯೂದು, ಎರಡೂ ಒಂದ ವಾರದಾಗ ಬಂದಿದ್ವು. ಘಟ್ಟ ಹಾಕೂ ಮೊದಲ ಅವರ ಮನ್ಯಾನ ಹಾಸಿಗಿ, ಕೌದಿ, ಜಮಖಾನಿ ಎಲ್ಲಾ ಒಗದ ತಗೀಬೇಕು. ಚಂದ್ರ ಕಾಣೂ ಮೊದಲ ನಮ್ಮ ಮನ್ಯಾಗೂ ಹಂಗ. ಹಳ್ಳಕ್ಕ ಹೋಗಬೇಕಂದ್ರ ಮಳಿಗೆ ಹಳ್ಳದ ನೀರ ಕೆಂಪ ರಾಡಿ. ಓಣ್ಯಾನ ಹೆಣಮಕ್ಕಳು ಕೌದಿ ಗಂಟ ಹೊತ್ತ ಎಲ್ಲಿಗೆ ಹೋಗಬೇಕು ತಿಳೀದ ನಿಂತಿದ್ರು. ಸೈರಾ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದ್ಲು. ಹೌದಿನ್ಯಾಗ ತಮ್ಮಣ್ಣ ಹೋಗೂ ಮುಂದ ಬೂಚ ಬಡದ ತುಂಬಿಸಿಟ್ಟ ಸೊಂಟಮಟ ತಿಳಿ ನೀರ, ತಳಕ್ಕ ಗಚ್ಚು.

“ಸಂಗವ್ವಕ್ಕಾ, ನಿಮ್ಮ ಹೌದಿನ್ಯಾಗ ಕೌದಿ ತುಳೀಲೇನ್ರಿ?”

ಕೌದಿ ನೀರ ಕುಡೀತಂದ್ರ ಕೈಯಿಂದ ತಿಕ್ಕಾಕ ಆಗೂದಿಲ್ಲ, ಕಾಲಿಂದ ತುಳೀಬೇಕು. ಸೈರಾ ಪಾವಟಿಗಿ ಮ್ಯಾಲ ಕುಂತ ಒಂದೆರಡ ಸಲ ತುಳದಿದ್ಲು. ಸಂಗವ್ವಕ್ಕ ಬಾಗಲದಾಗ ನಿಂತ ನೋಡಾಕತ್ತಿದ್ಲು, ಅಕಿಗೆ ತಡಕೊಳ್ಳಾಕ ಆಗಲಿಲ್ಲ.

“ಏ, ದಂಡಿಗೆ ಕುಂತ ತುಳದ್ರ ಹೊಲಸ ಹೋಗತೈತೇನು? ಸರಿ ಅತ್ತಾಗ!”

ಸೀರಿ ಕಚ್ಚಿ ಹಾಕಿ, ಸೈರಾನ ಹೆಗಲ ಹಿಡದ, ಒಂದೊಂದ ಪಾವಟಿಗಿ ಇಳದ ಹೌದಿನ ನಟ್ಟನಡು ಹೋಗಿ ನಿಂತ್ಲು. ಕೌದಿನ್ನ ಕಾಲಾಗ ಹಾಕ್ಕೊಂಡ ಆ ದಂಡಿಯಿಂದ ಈ ದಂಡಿ ತುಳಕೋತ ಬಂದ್ಲು. ಯಾರೂ ನಗಲಿಲ್ಲ, ಯಾರೂ ಮಿಕಿಮಿಕಿ ನೋಡಲಿಲ್ಲ. ಕೌದಿ ಒಗ್ಯಾಕಿನ್ನ ಯಾರ ನೋಡತಾರ್ರಿ? ಬೆಂಕಿ ಹತ್ತಲಿ ಅಂದಿದ್ದ ಯಮನವ್ವನೂ ತನ್ನ ಗಂಟ ತಂದ್ಲು, “ಸಂಗೀ, ಇದರ ಅಂಚ ಸ್ವಲ್ಪ ಜೋರ ತುಳಿ” ಅಂತ.

ಅವತ್ತಿನಿಂದ ಮುಂಜಾನೆ ಆತಂದ್ರ ಹೌದಿನ್ಯಾಗ ಹೆಣಮಕ್ಕಳದ ಸಂತಿ. ತುಂಬಾಕ ಪೈಪ, ಖಾಲಿ ಮಾಡಾಕ ಕೈಯಿಂದ ಬೂಚು, ಹೋದ ನೀರ ತೆಂಗಿನ ಗಿಡಕ್ಕ. ಮೂರ ಮಶೀನ ಸುಮ್ಮ ಕುಂತ ನೋಡತಿದ್ವು. ನಮ್ಮ ಓಣಿ ಕೌದಿ ಮುಗದ್ವು, ಹಿಂದಿನ ಓಣೀವು ಬಂದ್ವು. ಅವೂ ಮುಗದ ಮ್ಯಾಲ ಸೈರಾ ನನ್ನ ಅಂಗಡಿಗೆ ನುಗ್ಗಿ ಗಿರಾಕಿಗಳ ಹಳೇ ಗಾದಿ ಖೋಳ ಎಲ್ಲಾ ಎಳಕೊಂಡ ಹೋದ್ಲು. “ಇನ್ನ ಅದಾವೇನ ಸೈರಾ?” ಅಂತ ದಿನಾ ಕೇಳತಿದ್ಲು ಸಂಗವ್ವಕ್ಕ. ನಡೂವ ಅಕಿ ಸೈರಾನ ಹೆಗಲ ಹಿಡ್ಯೂದ ಬಿಟ್ಟಿದ್ಲು. ನಾ ನೋಡಿ ಬಾಯಿ ಬಿಡಲಿಲ್ಲ, ದೃಷ್ಟಿ ಆಗಬಾರದಂತ.

ದೀವಳಗಿ ಸನೇಕ ಬಂದಾಗ ತಮ್ಮಣ್ಣ ಬಂದ. ಬಗಲಾಗ ಪ್ಯಾನಲ್, ಹಿಂದ ಅನಿಲ. ಹಿತ್ತಲಕ್ಕ ಕಾಲ ಇಟ್ಟಾಂವ ಕಲ್ಲಾಗಿ ನಿಂತ. ಗ್ವಾಡಿ ಮ್ಯಾಲ ಕೌದಿ, ಬೇವಿನ ಟೊಂಗಿ ಮ್ಯಾಲ ಜಮಖಾನಿ, ಹೌದಿನ ತುಂಬ ಸಬಕಾರದ ಬುರುಗ.

“ನನ್ನ ಪೂಲ! ನನ್ನ ಸಿಸ್ಟಮ್!” ಅಂತ ಓಡಿ ಹೋಗಿ ಫಿಲ್ಟರಿನ ಸ್ವಿಚ್ಚ ಒತ್ತಿದ. ಅದ ಒಮ್ಮೆ ನೀರ ಜಗ್ಗಿತು, ಕೆಮ್ಮಿತು, ನಿಂತಿತು. ಮುಚ್ಚಳ ತಗದ ಭುಜಮಟ ಕೈ ಹಾಕಿದ. ಹತ್ತಿ, ದಾರ, ಕೌದಿ ಚಿಂದಿ, ಜಗ್ಗಿದಷ್ಟೂ ಬಂತು.

“ಬಾಬಾಲಾಲ! ಇದ ನಿನ್ನ ಅಂಗಡಿ ಹತ್ತಿ!”

“ಗ್ಯಾರಂಟಿ ಕ್ಯಾನ್ಸಲ್ ಆತ ಸಾಹೇಬ್ರ” ಅಂದ ಅನಿಲ.

ಅಷ್ಟ್ರಾಗ ಹೌದಿನಿಂದ ಸಂಗವ್ವಕ್ಕ ಎದ್ದ ಬಂದ್ಲು. ಹೆಗಲ ಮ್ಯಾಲ ತೊಯ್ದ ಕೌದಿ, ಯಾರದೂ ಆಸರಿ ಇಲ್ಲ, ಪಾವಟಿಗಿ ಏರಿ ಬಂದ ಅಂಗಳದಾಗ ನೆಲಕ್ಕ ಕುಂತ್ಲು. ಚಕ್ಕಳಬಕ್ಕಳ ಹಾಕಿ ಕುಂತ್ಲು. ಕುಂತ ಕೌದಿ ಹಿಂಡಾಕ ಹತ್ತಿದ್ಲು.

“ಲೇ ತಮ್ಮಣ್ಣಾ, ಅತ್ತಾಗ ನೋಡೋ!”

“ತಡೀ, ಸಾಹೇಬಗ ಕನೆಕ್ಷನ್ ಕೊಡತೀನಿ.”

“ನಿನ್ನ ಸಾಹೇಬನ ಮನಿ ಹಾಳಾಗಲಿ, ನೋಡಲೇ!” ಅಂತ ಅಂವನ ಕುತಗಿ ಹಿಡದ ತಿರುವಿದ್ನಿ.

ನೋಡಿದ. ಕೈಯಾಗ ಹತ್ತಿ ಹಿಡದ ಹಂಗ ನಿಂತ. “ಸಂಗೂ, ನೆಲಕ್ಕ ಕುಂತಿ?”

“ಹೂಂ. ಏಳಾಕೂ ಬರತೈತಿ” ಅಂತ ಅಕಿ ಕೈ ಊರದ ಎದ್ದ ತೋರಿಸಿದ್ಲು. “ಬರ್ರಿ, ರೊಟ್ಟಿ ಬಡೀತೀನಿ, ಹಸದ ಬಂದಿರತೀರಿ.”

ತಮ್ಮಣ್ಣನ ಕಣ್ಣಾಗ ನೀರ ಬಂತು. ಖರೇ ಹೇಳತೀನಿ, ನನಗೂ ಬಂತು, ಗ್ವಾಡಿ ಆಕಡಿ ಸೈರಾಗೂ ಬಂತು. ಆಯುಷ್ಯದಾಗ ಒಮ್ಮೆರ ಈ ಮನಶ್ಯಾಗ ತಿಳೀತಲ್ಲ ಅಂತ ನಾ ಅಂವನ ಹೆಗಲ ಮ್ಯಾಲ ಕೈ ಇಟ್ನಿ. ಅಂವ ಕಣ್ಣ ಒರಸ್ಕೊಂಡ, ನನ್ನ ಕಡೆ ಅಲ್ಲ, ಫಿಲ್ಟರಿನ ಕಡೆ ನೋಡಿ ಹೇಳಿದ, “ನೋಡಿದಿ ಬಾಬಾಲಾಲ? ಸಿಸ್ಟಮ್ ಕೆಲಸ ಮಾಡೇತಿ.”

ದೀವಳಗಿ ಮುಗದ ಮ್ಯಾಲ ಮಿರಜಿಗೆ ಹೋದ್ವಿ. ಡಾಕ್ಟರ ಮಣಕಾಲ ಮಡಚಿ ನೋಡಿದ್ರು, ಬಿಡಿಸಿ ನೋಡಿದ್ರು. “ಆಪರೇಷನ್ ಬ್ಯಾಡ. ಏನ ಮಾಡಿದ್ರಿ?” ಅಂದ್ರು. ಸಂಗವ್ವಕ್ಕ ಬಾಯಿ ತಗ್ಯೂದ್ರಾಗ ತಮ್ಮಣ್ಣ ಖುರ್ಚಿ ಮುಂದಕ್ಕ ಎಳಕೊಂಡ, “ಅಟೋಮ್ಯಾಟಿಕ್ ಸರ್” ಅಂದ. ಡಾಕ್ಟರಿಗೂ ಹೇಳಿದ, ಕಂಪೌಂಡರಗೂ ಹೇಳಿದ, ಹೊರಗ ಪಾಳಿ ಹಚ್ಚಿ ಕುಂತ ರೋಗಿಗಳಿಗೆಲ್ಲಾ ಹೇಳಿದ. ನಾ ಬಸ್ ಸ್ಟ್ಯಾಂಡಿನ್ಯಾಗ ಅಂವನ್ನ ಬಿಟ್ಟ ಬರೂ ವಿಚಾರ ಮಾಡಿದ್ನಿ, ಸಂಗವ್ವಕ್ಕ ಬ್ಯಾಡಂದ್ಲು.

ಮುಂದ ಸ್ವಲ್ಪ ದಿನಕ್ಕ ಸೊರಡಿಯಿಂದ ಗಂಡ ಹೆಂಡ್ತಿ ಒಂದ ಜೀಪಿನ್ಯಾಗ ಬಂದ್ರು. ಅಕಿ ಗ್ವಾಡಿ ಹಿಡದ ನಡ್ಯಾಕಿ. “ಮಿರಜಿ ದವಾಖಾನ್ಯಾಗ ಕೇಳಿದ್ವಿ. ಮಣಕಾಲ ನೆಟ್ಟಗ ಮಾಡೂ ಮಶೀನ ಇಲ್ಲಿ ಐತಂತಲ್ರಿ?” ಅಂದ ಆ ಗಂಡ. ತಮ್ಮಣ್ಣನ ಮಾರಿ ಹಿಗ್ಗಿತು. “ಬರ್ರಿ, ಬರ್ರಿ! ಮೊದಲ ಮೂರ ಕೊಟೇಶನ್ ತಗೋಬೇಕ್ರಿ” ಅನಕೋತ ಅಂವನ್ನ ಪ್ಯಾನಲ್ಲಿನ ಮುಂದ ಕರಕೊಂಡ ಹೋದ.

ಆ ಹೆಣಮಗಳು ಹೌದಿನ ದಂಡಿಗೆ ನಿಂತ ನೀರ ನೋಡಿದ್ಲು, ಓಣಿ ಕಡೆ ನೋಡಿದ್ಲು, ಸೆರಗ ಬಿಗಿ ಮಾಡ್ಕೊಂಡ ಹಿಂದ ಸರದ್ಲು. ಸಂಗವ್ವಕ್ಕ ಅಕಿನ್ನ ಒಮ್ಮೆ ನೋಡಿದ್ಲು, ಗ್ವಾಡಿ ಸನೇಕ ಬಂದ್ಲು, ಮೆತ್ತಗ ನನ್ನ ಕರದ್ಲು.

“ಬಾಬಾಲಾಲಣ್ಣಾ, ಅಂಗಡ್ಯಾಗ ಚಲೋತ್ನಂಗ ಹೊಲಸ ಆದ ಕೌದಿ ಒಂದ ಇದ್ರ ಕಳಸು.”